ಕಿವಿಯಲ್ಲಲ್ಲ, ಕಿವಿಯ ನರದಲ್ಲಿ

ಚುರುಕಾಗಿದ್ದ ಹುಡುಗ ಪಿಯುಸಿಗೆ ಬಂದ ಮೇಲೆ ಕರೆದರೆ ತಿರುಗುವುದಿಲ್ಲ. ಫೋನನ್ನು ಯಾವಾಗಲೂ ಒಂದೇ ಕಿವಿಗೆ ಹಿಡಿಯುತ್ತಾನೆ. ಕಿವಿಯಲ್ಲಿ ಜೀರುಂಡೆ ಕೂಗಿದಂತಾಗುತ್ತದೆ ಎನ್ನುತ್ತಾನೆ. ಮನೆಯಲ್ಲೂ ಶಾಲೆಯಲ್ಲೂ ಸಿಗುವ ಉತ್ತರ ಒಂದೇ: ‘ಲಕ್ಷ್ಯವಿಲ್ಲ!’

ಇದಕ್ಕೆ ಸಾಮಾನ್ಯವಾಗಿ ಕಿವಿಯ ಕೊಳೆ, ಸೋಂಕು ಕಾರಣ. ಅಪರೂಪಕ್ಕೆ ಕಾರಣ ನರದಲ್ಲಿರುತ್ತದೆ.

ಕಿವಿಯಿಂದ ಮಿದುಳಿಗೆ ಹೋಗುವ ನರಕ್ಕೆ ಎರಡು ಕವಲು. ಒಂದು ಶಬ್ದವನ್ನು, ಇನ್ನೊಂದು ದೇಹದ ಸಮತೋಲನದ ಸುದ್ದಿಯನ್ನು ಒಯ್ಯುತ್ತದೆ. ವಿದ್ಯುತ್ ತಂತಿಗೆ ಪ್ಲಾಸ್ಟಿಕ್ ಹೊದಿಕೆಯಿರುವಂತೆ ನರತಂತುಗಳಿಗೆ ಶ್ವಾನ್ ಕೋಶಗಳ ಹೊದಿಕೆಯಿದೆ. ಆ ಕೋಶಗಳು ಮಿತಿಮೀರಿ ಬೆಳೆಯದಂತೆ ತಡೆಯುವುದು ‘ಮರ್ಲಿನ್’ ಎಂಬ ಪ್ರೋಟೀನ್. ಅದರ ಜೀನ್ 22ನೇ ವರ್ಣತಂತುವಿನಲ್ಲಿದೆಯೆಂದು ಗೊತ್ತಾಗಿ, 1993ರಲ್ಲಿ ಆ ಜೀನೇ ಪತ್ತೆಯಾಯಿತು. ಅದು ಕೆಟ್ಟರೆ ಎರಡೂ ಬದಿಯ ನರಗಳ ಮೇಲೆ ಗಡ್ಡೆ ಬೆಳೆಯುತ್ತದೆ. ಇದೇ ನ್ಯೂರೋಫೈಬ್ರೊಮಟೋಸಿಸ್-2; 2022ರಲ್ಲಿ ಇದಕ್ಕೆ ‘ಎನ್‌ಎಫ್2 ಸಂಬಂಧಿ ಶ್ವಾನೊಮಟೋಸಿಸ್’ ಎಂಬ ಹೊಸ ಹೆಸರು ಬಂತು. ಸುಮಾರು 30 ಸಾವಿರ ಜನರಲ್ಲಿ ಒಬ್ಬರು ಈ ದೋಷದೊಂದಿಗೆ ಹುಟ್ಟುತ್ತಾರೆ. ಲಕ್ಷಣಗಳು ಹೆಚ್ಚಾಗಿ 20ರ ಆಸುಪಾಸಿನಲ್ಲಿ ಕಾಣುತ್ತವೆ.

ಈ ಗಡ್ಡೆ ಕ್ಯಾನ್ಸರ್ ಅಲ್ಲ. ಆದರೆ ತಲೆಬುರುಡೆಯೊಳಗೆ ಜಾಗವೆಲ್ಲಿದೆ? ಬೆಳೆದಂತೆ ನರವನ್ನೂ ಮಿದುಳಿನ ಕಾಂಡವನ್ನೂ ಒತ್ತುತ್ತದೆ. ಹಗಲಿನಲ್ಲಿ ಸಮತೋಲನದ ಕೊರತೆಯನ್ನು ಕಣ್ಣು ತುಂಬಿಕೊಡುತ್ತದೆ. ಮತ್ತಿಘಟ್ಟದಂಥ ನಮ್ಮ ಊರುಗಳಲ್ಲಿ ಕತ್ತಲಾದ ಮೇಲೆ ಕಾಲುಸಂಕ ದಾಟುವಾಗ ಅದು ಬಯಲಾಗುತ್ತದೆ.

ತಂದೆಗೋ ತಾಯಿಗೋ ಈ ರೋಗವಿದ್ದರೆ ಪ್ರತಿ ಮಗುವಿನ ಸಲವೂ ನಾಣ್ಯ ಚಿಮ್ಮಿದಂತೆ: ಸಾಧ್ಯತೆ ಅರ್ಧಕ್ಕರ್ಧ. ಮೊದಲ ಮಗುವಿಗೆ ಬಂದಿತೆಂದು ಎರಡನೆಯದು ಪಾರಾಗುವುದಿಲ್ಲ, ನಾಣ್ಯಕ್ಕೆ ನೆನಪಿಲ್ಲ. ಇನ್ನು ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯ ತಂದೆತಾಯಿಗೆ ಈ ರೋಗವೇ ಇರುವುದಿಲ್ಲ. ಜೀನಿನಲ್ಲಿ ಹೊಸದಾಗಿ ಬದಲಾವಣೆಯಾಗಿರುತ್ತದೆ. ಹಾಗಾಗಿ ತಾಯಿಯನ್ನು ದೂರುವುದೂ ಶಾಪವೆನ್ನುವುದೂ ಬೇಡ.

ಗಡ್ಡೆಯನ್ನು ತೋರಿಸುವುದು ಎಂಆರ್‌ಐ. ಕಂಡ ಗಡ್ಡೆಗೆಲ್ಲ ಕೂಡಲೇ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ಬೆಳವಣಿಗೆ ನೋಡುತ್ತ ಕಾಯುವುದು, ವಿಕಿರಣ, ಕೆಲವರಿಗೆ ಬೆವಾಸಿಜುಮಾಬ್ ಎಂಬ ಔಷಧ, ಹೀಗೆ ದಾರಿಗಳು ಹಲವು. ಬೇಗ ಗೊತ್ತಾದರೆ ಆಯ್ಕೆಗಳು ಹೆಚ್ಚು, ಶ್ರವಣವಿರುವಾಗಲೇ ತುಟಿಚಲನೆ ಓದುವುದನ್ನು ಕಲಿಯಲೂ ಸಮಯ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಶಸ್ತ್ರಚಿಕಿತ್ಸೆಯ ವಿಭಾಗವಿದೆ. ಶ್ರವಣ ಪರೀಕ್ಷೆಗೆಂದೇ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಿದೆ.

ಪಾಲಕರೇ, ಮಗುವಿನ ಒಂದು ಕಿವಿ ಮುಚ್ಚಿಸಿ, ಹಿಂದೆ ನಿಂತು ಪಿಸುಮಾತಿನಲ್ಲಿ ಹೆಸರು ಕರೆಯಿರಿ. ಬಳಿಕ ಇನ್ನೊಂದು ಕಿವಿ. ವ್ಯತ್ಯಾಸ ಕಂಡರೆ ಬೈಗುಳ ಬಿಟ್ಟು ಕಿವಿ ವೈದ್ಯರಲ್ಲಿಗೆ ಹೋಗಿ, ಎರಡೂ ಕಿವಿಗಳ ಆಡಿಯೋಗ್ರಾಮ್ ಮಾಡಿಸಿ.