ಬೇಲೆಕೇರಿಯ ಕತ್ತಲೆಗೂ ಬೆಲೆಯಿದೆ

ಅಂಕೋಲಾ ತಾಲ್ಲೂಕಿನ ಬೇಲೆಕೇರಿ ಎಂದೊಡನೆ ರಾಜ್ಯದ ಜನರಿಗೆ ನೆನಪಾಗುವುದು ಕಬ್ಬಿಣದ ಅದಿರು. 2010ರಲ್ಲಿ ಜಪ್ತಿ ಮಾಡಿ ಬಂದರಿನಲ್ಲಿ ಇರಿಸಿದ್ದ ಅದಿರು ನಾಪತ್ತೆಯಾದ ಪ್ರಕರಣ ಈ ಊರಿನ ಹೆಸರನ್ನು ದೇಶಕ್ಕೆಲ್ಲ ಪರಿಚಯಿಸಿತು. ಈಗ ಸಮೀಪದ ಕೇಣಿಯಲ್ಲಿ ಉದ್ದೇಶಿಸಲಾದ ವಾಣಿಜ್ಯ ಬಂದರು ಮೀನುಗಾರರ ವಿರೋಧಕ್ಕೆ ಗುರಿಯಾಗಿದೆ. ಈ ಚರ್ಚೆಯಲ್ಲಿ ಮೀನು, ಕಡಲತೀರ, ಉದ್ಯೋಗ, ಆದಾಯ ಎಲ್ಲಕ್ಕೂ ಲೆಕ್ಕವುಂಟು. ಯಾರ ಲೆಕ್ಕಕ್ಕೂ ಬಾರದಿರುವುದು ಕರಾವಳಿಯ ಕತ್ತಲೆ.

ಕತ್ತಲೆಯಿಂದ ಏನು ಪ್ರಯೋಜನ ಎಂಬ ಪ್ರಶ್ನೆ ಸಹಜ. ಖಗೋಳ ವಿಜ್ಞಾನದಲ್ಲಿ ಹವ್ಯಾಸಿಗಳು ಇಂದಿಗೂ ನಿಜವಾದ ಕೊಡುಗೆ ನೀಡಬಲ್ಲ ಕ್ಷೇತ್ರವೊಂದಿದೆ. ಅದು ಅಸಾಮಾನ್ಯ ಬಿಸಿ ನಕ್ಷತ್ರಗಳ ವರ್ಣಪಟಲದ ಅಧ್ಯಯನ. ಅತಿವೇಗವಾಗಿ ಸುತ್ತುವ ಕೆಲವು ಬಿಸಿ ನಕ್ಷತ್ರಗಳು ತಮ್ಮ ಸುತ್ತ ಅನಿಲದ ತಟ್ಟೆಯನ್ನು ಕಟ್ಟಿಕೊಳ್ಳುತ್ತವೆ. ಆಗ ವರ್ಣಪಟಲದ ಕೆಂಪು ಭಾಗದಲ್ಲಿ ಜಲಜನಕದ ರೇಖೆ ಪ್ರಕಾಶಮಾನವಾಗಿ ಕಾಣುತ್ತದೆ. 1866ರಲ್ಲಿ ಇಟಲಿಯ ಏಂಜೆಲೋ ಸೆಕ್ಕಿ ಇಂತಹ ಮೊದಲ ನಕ್ಷತ್ರವನ್ನು ಗುರುತಿಸಿದರು. ಈ ತಟ್ಟೆ ಯಾವಾಗ ಮೂಡುತ್ತದೆ, ಯಾವಾಗ ಕರಗುತ್ತದೆ ಎಂದು ಮೊದಲೇ ಹೇಳಲಾಗದು. ಒಂದೇ ನಕ್ಷತ್ರವನ್ನು ವರ್ಷಗಟ್ಟಲೆ ಕಾಯಲು ದೊಡ್ಡ ದೂರದರ್ಶಕಗಳಿಗೆ ಬಿಡುವಿಲ್ಲ. ಆದ್ದರಿಂದಲೇ ಪ್ಯಾರಿಸ್ ವೀಕ್ಷಣಾಲಯದ ದತ್ತಸಂಗ್ರಹವು ಹವ್ಯಾಸಿಗಳ ವರ್ಣಪಟಲಗಳನ್ನೂ ಪರಿಶೀಲಿಸಿ ಸ್ವೀಕರಿಸುತ್ತದೆ.

ಅನೂರಾಧಾ ನಕ್ಷತ್ರದ ಉದಾಹರಣೆ ನಮಗೆ ಹತ್ತಿರದ್ದು. ವೃಶ್ಚಿಕ ರಾಶಿಯ ಈ ತಾರೆಗಳಲ್ಲಿ ಒಂದಾದ ಡೆಲ್ಟಾ, 2000ನೇ ಇಸವಿಯಲ್ಲಿ ಎಂದಿಗಿಂತ ಹೆಚ್ಚು ಹೊಳೆಯುತ್ತಿರುವುದನ್ನು ಮೊದಲು ಕಂಡವರು ಅರ್ಜೆಂಟೀನಾದ ಹವ್ಯಾಸಿ ಸೆಬಾಸ್ಟಿಯನ್ ಒಟೆರೊ. ಸುಮಾರು 11 ವರ್ಷಗಳಿಗೊಮ್ಮೆ ಸಂಗಾತಿ ನಕ್ಷತ್ರ ಅದರ ಸಮೀಪ ಬರುತ್ತದೆ. 2011 ಮತ್ತು 2022ರಲ್ಲಿ ಹೀಗೆ ಬಂದಾಗಲೂ ಹವ್ಯಾಸಿಗಳು ಅದನ್ನು ಗಮನಿಸಿದರು.

ಕರ್ನಾಟಕಕ್ಕೆ ಇದು ಅಪರಿಚಿತ ವಿಷಯವಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದ ವೈನು ಬಾಪು, ಪ್ರಬಲ ಮಾರುತಗಳಲ್ಲಿ ತಮ್ಮ ದ್ರವ್ಯವನ್ನೇ ಕಳೆದುಕೊಳ್ಳುವ ವುಲ್ಫ್-ರಾಯೆ ನಕ್ಷತ್ರಗಳ ಅಧ್ಯಯನದಲ್ಲಿ ಹೆಸರಾದವರು. ಈ ವರ್ಗದ ಅತಿ ಪ್ರಕಾಶಮಾನ ತಾರೆ ಗಾಮಾ ವೆಲೋರಂ ಯುರೋಪಿನ ಬಹುಭಾಗಕ್ಕೆ ಕಾಣುವುದೇ ಇಲ್ಲ. ಬೇಲೆಕೇರಿಯಲ್ಲಿ ಮಾರ್ಚ್ ತಿಂಗಳ ರಾತ್ರಿ 9ರ ಸುಮಾರಿಗೆ ಅದು ದಕ್ಷಿಣದಲ್ಲಿ ದಿಗಂತದಿಂದ 28 ಡಿಗ್ರಿ ಎತ್ತರದಲ್ಲಿರುತ್ತದೆ. ಸಣ್ಣ ದೂರದರ್ಶಕ, ಕ್ಯಾಮೆರಾ ಮತ್ತು ಮಿಲಿಮೀಟರಿಗೆ 100 ಗೆರೆಗಳ ಗ್ರೇಟಿಂಗ್ ಇದ್ದರೆ ಅದರ ಇಂಗಾಲದ ಅಗಲ ಪಟ್ಟಿಗಳನ್ನು ಕಾಲೇಜು ವಿದ್ಯಾರ್ಥಿಯೂ ದಾಖಲಿಸಬಹುದು. ಮಳೆಗಾಲದ ನಾಲ್ಕು ತಿಂಗಳು ಮತ್ತು ಕಡಲಿನ ತೇವ ಅಡ್ಡಿಯೇನೋ ನಿಜ. ಆದರೆ ಅವು ಋತುವಿನೊಂದಿಗೆ ಸರಿಯುತ್ತವೆ, ದೀಪಗಳು ಸರಿಯುವುದಿಲ್ಲ.

ಸಮಸ್ಯೆ ಇರುವುದು ಇಲ್ಲಿಯೇ. ಬೇಲೆಕೇರಿಯಿಂದ ಕೇಣಿ ಇರುವುದೂ ದಕ್ಷಿಣಕ್ಕೆ. ಹಗಲಿರುಳು ದುಡಿಯುವ ಬಂದರಿನ ದೀಪಗಳು ಮೇಲ್ಮುಖವಾಗಿ ಉರಿದರೆ ಮೊದಲು ಮಸುಕಾಗುವುದು ಆ ದಿಕ್ಕಿನ ತಗ್ಗಿನ ಆಕಾಶ. ಬಂದರು ಬೇಕೇ ಬೇಡವೇ ಎಂಬುದನ್ನು ಆ ಕಡಲನ್ನೇ ನಂಬಿದವರ ಹಿತ ನಿರ್ಧರಿಸಬೇಕೇ ಹೊರತು ನಕ್ಷತ್ರಗಳಲ್ಲ. ಒಂದು ವೇಳೆ ಬಂದರು ಬಂದದ್ದೇ ಆದರೆ ಬೆಳಕು ನೆಲದತ್ತ ಮಾತ್ರ ಬೀಳುವಂತೆ ಮುಚ್ಚಿಗೆಯುಳ್ಳ ದೀಪಗಳನ್ನು ಕಡ್ಡಾಯಗೊಳಿಸುವುದು ದುಬಾರಿಯೇನಲ್ಲ. 2022ರಲ್ಲಿ ಲಡಾಖಿನ ಹಾನ್ಲೆಯನ್ನು ಕತ್ತಲೆ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಿ, ಹಳ್ಳಿಗರಿಗೆ ದೂರದರ್ಶಕ ಕೊಟ್ಟು ತರಬೇತಿ ನೀಡಲಾಯಿತು. ಅಲ್ಲಿ ಕತ್ತಲೆಯೇ ಜೀವನೋಪಾಯವಾಯಿತು.

ಬೇಲೆಕೇರಿಯಲ್ಲಿ ಅದಿರು ಕಣ್ಮರೆಯಾದಾಗ ತನಿಖೆ ನಡೆಯಿತು, ಪ್ರಕರಣ ನ್ಯಾಯಾಲಯ ತಲುಪಿತು. ಇರುಳಿನ ಆಕಾಶ ಕಣ್ಮರೆಯಾದರೆ ದೂರು ದಾಖಲಿಸುವ ಠಾಣೆಯೂ ಇರುವುದಿಲ್ಲ. ಆದ್ದರಿಂದ ಆಡಳಿತ ಈ ವಿಷಯವನ್ನು ನಕ್ಷೆಯ ಹಂತದಲ್ಲೇ ಯೋಚಿಸುವುದು ಒಳಿತು.