ಮನೆ ಬದಲಿಸುವ ವೆಚ್ಚವೂ ಹಮಾಲರ ಕೂಲಿಯೂ

ಬೇಸಿಗೆಯ ರಜೆ ಮುಗಿಯುತ್ತ ಬಂದು ವರ್ಗಾವಣೆಯ ಪಟ್ಟಿಗಳು ಹೊರಬೀಳುವ ದಿನಗಳಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಊರುಗಳ ಓಣಿಗಳಲ್ಲಿ ಒಂದೇ ಬಗೆಯ ನೋಟ ಕಾಣಬರುತ್ತದೆ. ಮನೆಯ ಮುಂದೆ ಸಣ್ಣದೊಂದು ಟೆಂಪೊ ನಿಂತಿರುತ್ತದೆ. ಮಂಚ, ಗಾದಿ, ಕಪಾಟು, ಜೋಳದ ಚೀಲ, ಹಿತ್ತಾಳೆಯ ಹಂಡೆ, ದೇವರ ಪೆಟ್ಟಿಗೆ ಒಂದೊಂದಾಗಿ ಹೊರಗೆ ಬರುತ್ತಿರುತ್ತವೆ. ಶಾಲೆ ತೆರೆಯುವ ಮುನ್ನ ಹೊಸ ಊರು ಸೇರಬೇಕೆಂಬ ಅವಸರ ಒಂದು, ಆಷಾಢ ಹಿಡಿಯುವುದರೊಳಗೆ ಹೊಸ ಮನೆಯಲ್ಲಿ ಹಾಲುಕ್ಕಿಸಬೇಕೆಂಬ ಅವಸರ ಇನ್ನೊಂದು. ಈ ಅವಸರದಲ್ಲಿ ಪ್ರತಿಯೊಬ್ಬ ಗೃಹಸ್ಥನ ಬಾಯಿಂದ ಬರುವ ಮಾತು, "ಎಲ್ಲಾ ಸೇರಿ ಎಷ್ಟು, ಹೇಳಪಾ?" ಎಂಬುದು. ನಾವು ಇಂದು ವಾಚಕರ ಗಮನಕ್ಕೆ ತರಬೇಕೆಂದಿರುವ ಸಂಗತಿಯು ಈ "ಎಲ್ಲಾ ಸೇರಿ" ಎಂಬ ಎರಡು ಶಬ್ದಗಳಲ್ಲಿಯೇ ಅಡಗಿದೆ.

ಮನೆಯೊಂದನ್ನು ಒಂದೂರಿಂದ ಇನ್ನೊಂದೂರಿಗೆ ಸಾಗಿಸುವ ವೆಚ್ಚದಲ್ಲಿ ನಾಲ್ಕು ಭಾಗಗಳಿವೆ: ವಾಹನದ ಬಾಡಿಗೆ, ಹಮಾಲರ ಕೂಲಿ, ಕಟ್ಟುವ ಸಾಮಾನು, ಒಡೆದು ಮುರಿದು ಹೋಗುವುದರ ನಷ್ಟ. ಬೈಲಹೊಂಗಲಕ್ಕಾಗಲಿ ಸವದತ್ತಿಗಾಗಲಿ ರಾಮದುರ್ಗಕ್ಕಾಗಲಿ ರೈಲಿಲ್ಲ. ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ ಹೋಗುವ ಹೊಸ ಮಾರ್ಗವು ಮಂಜೂರಾಗಿದ್ದರೂ ಕಿತ್ತೂರಿನವರು ಇನ್ನೂ ಗಾಡಿಯನ್ನು ಕಂಡಿಲ್ಲ. ಆದುದರಿಂದ ಚಕ್ಕಡಿಯ ಕಾಲ ಹೋದ ಮೇಲೆ ನಮ್ಮ ಭಾಗದಲ್ಲಿ ಮನೆಸಾಮಾನು ಸಾಗುವುದೆಲ್ಲ ಟೆಂಪೊ, ಟ್ರ್ಯಾಕ್ಟರ್, ಟಂಟಂಗಳ ಮೇಲೆಯೇ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಕಾರ್ಖಾನೆಯ ದಾರಿ ಹಿಡಿದಿರುತ್ತವೆ; ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ವಾಹನಗಳೆಲ್ಲ ಎಲ್ಲಮ್ಮನ ಗುಡ್ಡಕ್ಕೆ ಮುಖ ಮಾಡಿರುತ್ತವೆ. ಆಗ ಬಾಡಿಗೆ ಏರುವುದು ಸಹಜ. ಇದರಲ್ಲಿ ಯಾರನ್ನೂ ದೂರುವಂತಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಬೈಲಹೊಂಗಲದಿಂದ ಸವದತ್ತಿಗೆ ಸುಮಾರು 40 ಕಿಲೋಮೀಟರ್ ಎಂದು ಹಿಡಿದರೆ ಹೋಗಿ ಬರುವುದು 80 ಆಯಿತು. ಬರುವಾಗ ವಾಹನ ಬರಿದೇ ಬರುತ್ತದೆ ಎಂಬುದನ್ನು ಮರೆಯಬಾರದು. ಸಣ್ಣ ಟೆಂಪೊ ಲೀಟರಿಗೆ 15 ಕಿಲೋಮೀಟರ್ ಓಡಿದರೆ ಐದು ಲೀಟರಿಗಿಂತ ಹೆಚ್ಚು ಡೀಸೆಲ್ ಬೇಕು; ಲೀಟರಿಗೆ 90 ರೂಪಾಯಿಯಂತೆ ಅದೇ 480 ರೂಪಾಯಿ ಆಗುತ್ತದೆ. ಅದರ ಮೇಲೆ ಚಾಲಕನ ಒಂದು ದಿನ, ಸಾಲದ ಕಂತು, ವಿಮೆ, ಟಾಯರಿನ ಸವೆತ. ಎಲ್ಲ ಕೂಡಿ ವಾಹನಕ್ಕೆ 2,200 ರೂಪಾಯಿ ಎನ್ನೋಣ. ಮೇಲಿನ ಅಂತಸ್ತಿನಿಂದ ಇಳಿಸಿ, ಹೇರಿ, ಆ ಊರಿನಲ್ಲಿ ಮತ್ತೆ ಇಳಿಸಿ ಮನೆಯೊಳಗಿಟ್ಟು ರಾತ್ರಿ ತಿರುಗಿ ಬರುವ ನಾಲ್ವರು ಹಮಾಲರಿಗೆ ತಲೆಗೆ 700ರಂತೆ 2,800. ಒಟ್ಟು 5,000. ಈ ಅಂಕಿಗಳು ಲೆಕ್ಕದ ರೀತಿಯನ್ನು ತಿಳಿಯಲೆಂದು ಹಿಡಿದವು. ಊರಿನ ಮೇಲೆ, ದಿನದ ಮೇಲೆ, ಸಾಮಾನಿನ ಮೇಲೆ ಹೆಚ್ಚುಕಡಿಮೆಯಾಗಬಹುದು. ರೀತಿ ಮಾತ್ರ ಬದಲಾಗುವುದಿಲ್ಲ.

ಈಗ ನಮ್ಮ ಗೃಹಸ್ಥನು ಅರ್ಧ ತಾಸು ಚೌಕಾಸಿ ಮಾಡಿ ಐದು ಸಾವಿರವನ್ನು ಮೂರೂವರೆ ಸಾವಿರಕ್ಕೆ ಇಳಿಸಿದನೆನ್ನಿ. 1,500 ರೂಪಾಯಿ ಉಳಿಸಿದೆನೆಂದು ಅವನು ಹಿಗ್ಗುತ್ತಾನೆ. ಆದರೆ ಈ ಹಣ ಎಲ್ಲಿಂದ ಬಂದಿತು? ಡೀಸೆಲ್ ಪಂಪಿನವನು ಕಡಿಮೆ ಮಾಡಲಿಲ್ಲ. ಬ್ಯಾಂಕು ಕಂತನ್ನು ಇಳಿಸಲಿಲ್ಲ. ವಿಮೆಯ ಕಂಪನಿಯು ರಿಯಾಯಿತಿ ಕೊಡಲಿಲ್ಲ. ಗುತ್ತಿಗೆ ಹಿಡಿದ ವಾಹನದವನು ತನ್ನ ಪಾಲನ್ನು ಮೊದಲು ತೆಗೆದಿಟ್ಟುಕೊಂಡು ಉಳಿದುದನ್ನು ಹಮಾಲರಿಗೆ ಹಂಚುತ್ತಾನೆ. 2,800ರಲ್ಲಿ 1,500 ಕಳೆದರೆ ಉಳಿಯುವುದು 1,300. ನಾಲ್ವರಿಗೆ ಹಂಚಿದರೆ ತಲೆಗೆ 325. ಉದ್ಯೋಗ ಖಾತರಿಯ ಕೆಲಸಕ್ಕೆ 2025-26ನೇ ಸಾಲಿನಲ್ಲಿ ಕರ್ನಾಟಕಕ್ಕೆ ಗೊತ್ತುಪಡಿಸಿದ್ದ ದಿನಗೂಲಿಯು 370 ರೂಪಾಯಿ. ಕಪಾಟನ್ನು ಬೆನ್ನ ಮೇಲೆ ಹೊತ್ತು ಮೆಟ್ಟಲಿಳಿದವನಿಗೆ ಕೆರೆಯ ಹೂಳೆತ್ತುವವನಷ್ಟೂ ಸಿಕ್ಕಲಿಲ್ಲ. ಗೃಹಸ್ಥನು ಉಳಿಸಿದ ಹಣವೆಲ್ಲವೂ ಹಮಾಲನ ಬೆನ್ನಿನಿಂದಲೇ ಬಂದಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅವನೊಡನೆ ನಾವು ಚೌಕಾಸಿ ಮಾಡಲೇ ಇಲ್ಲ. ಅವನ ಹೆಸರನ್ನು ಸಹ ಕೇಳಲಿಲ್ಲ. ಎಲ್ಲವೂ "ಎಲ್ಲಾ ಸೇರಿ" ಎಂಬುದರಲ್ಲಿ ಮುಗಿದುಹೋಯಿತು.

ನಮ್ಮ ಮಾತು ಅಧಿಕಾರಿವರ್ಗಕ್ಕೆ ವಿಶೇಷವಾಗಿ ಸಲ್ಲುತ್ತದೆ. ಕೇಂದ್ರ ಸರಕಾರದ 2017ರ ಜುಲೈ ತಿಂಗಳ ಆದೇಶದಂತೆ 20 ಕಿಲೋಮೀಟರಿಗಿಂತ ದೂರ ವರ್ಗವಾದ ನೌಕರನಿಗೆ ಮೂಲವೇತನದ ಶೇಕಡಾ 80ರಷ್ಟು ವರ್ಗಾವಣೆಯ ಅನುದಾನ ಗೊತ್ತಾಯಿತು. ಸಾಮಾನು ಸಾಗಿಸುವುದಕ್ಕೆ ಬೇರೆ ದರ: ಮೇಲಿನ ಶ್ರೇಣಿಯವರಿಗೆ ಕಿಲೋಮೀಟರಿಗೆ 50 ರೂಪಾಯಿ, ನಡುವಿನವರಿಗೆ 25, ಕೆಳಗಿನವರಿಗೆ 15 ಎಂದು ಆ ಆದೇಶ ಹೇಳಿತು. ಸ್ವಂತ ಕೋರಿಕೆಯ ಮೇಲೆ ವರ್ಗವಾದವರಿಗೆ ಇದು ಸಿಕ್ಕುವುದಿಲ್ಲವೆಂಬುದು ನಿಜ. ಆದರೆ ಸರಕಾರದ ಆಜ್ಞೆಯಿಂದ ಊರು ಬಿಡುವವನ ಖರ್ಚನ್ನು ಬೊಕ್ಕಸವು ಹೊರುತ್ತದೆ, ಹೊರಬೇಕಾದುದೇ. ಬೊಕ್ಕಸದಲ್ಲಿರುವುದು ಜನರ ಹಣ. ಆ ಜನರಲ್ಲಿ ಹಮಾಲನೂ ಒಬ್ಬನು. ಅವನ ಹಣದಿಂದ ಭತ್ಯೆ ಪಡೆದು, ಅವನ ಕೂಲಿಯಲ್ಲಿಯೇ ಕಡಿತ ಮಾಡಿ ಭತ್ಯೆಯಲ್ಲಿ ಉಳಿತಾಯ ಮಾಡುವುದು ಯಾವ ನ್ಯಾಯ?

ಇದಕ್ಕಿಂತಲೂ ಕೀಳಾದ ಪದ್ಧತಿಯೊಂದಿದೆ. ಕಚೇರಿಯ ಜವಾನರಿಂದ, ಪಂಚಾಯತಿಯ ಕೆಲಸಗಾರರಿಂದ, ಕೆಲವೊಮ್ಮೆ ಶಾಲೆಯ ದೊಡ್ಡ ಹುಡುಗರಿಂದ ಮನೆಸಾಮಾನು ಹೊರಿಸಿ, ಗುತ್ತಿಗೆದಾರನ ಟ್ರ್ಯಾಕ್ಟರನ್ನು "ಸ್ನೇಹಕ್ಕಾಗಿ" ತರಿಸಿಕೊಂಡು ಒಂದು ಕಾಸೂ ಇಲ್ಲದೆ ಬಿಡಾರ ಬದಲಿಸುವುದು. ನಾವು ಯಾರನ್ನೂ ಬೊಟ್ಟು ಮಾಡಿ ತೋರಿಸುತ್ತಿಲ್ಲ. ಅನೇಕ ಅಧಿಕಾರಿಗಳು ತಮ್ಮ ಕೈಯಿಂದ ಪೂರ್ತಿ ಹಣ ಕೊಟ್ಟು ಹೋಗುವ ಸಜ್ಜನರೇ ಆಗಿದ್ದಾರೆ. ಆದರೆ ಈ ಪದ್ಧತಿಗೆ ನಮ್ಮ ಹಿರಿಯರು ಇಟ್ಟ ಹೆಸರೊಂದಿತ್ತು. ಅದನ್ನು ನೆನಪಿಸುವುದು ನಮ್ಮ ಕರ್ತವ್ಯವಾಗಿದೆ. ಆ ಹೆಸರು ಬಿಟ್ಟಿ ಬೇಗಾರಿ.

ರಾಮದುರ್ಗವು 1948ರವರೆಗೆ ಸಂಸ್ಥಾನವಾಗಿದ್ದಿತು. ಉಳಿದ ಮೂರು ಊರುಗಳು ಬ್ರಿಟಿಷರ ಮುಂಬಯಿ ಇಲಾಖೆಯಲ್ಲಿದ್ದವು. ಆ ಕಾಲದಲ್ಲಿ ದೇಶದ ಅನೇಕ ಭಾಗಗಳಲ್ಲಿ ಸಾಹೇಬನ ಡೇರೆ, ಪೆಟ್ಟಿಗೆ, ಮೇಜು, ಕುರ್ಚಿಗಳನ್ನು ಊರಿಂದೂರಿಗೆ ಹೊರುವ ಭಾರ ಹಳ್ಳಿಯ ಬಡವನ ಮೇಲೆಯೇ ಬೀಳುತ್ತಿತ್ತು. ಕೂಲಿ ಸಿಕ್ಕರೆ ಸಿಕ್ಕಿತು, ಸಿಕ್ಕದಿದ್ದರೆ ಇಲ್ಲ. ಹಿಮಾಲಯದ ಕುಮಾವೂ ಪ್ರಾಂತದ ಜನರು 1921ರ ಮಕರ ಸಂಕ್ರಮಣದಂದು ಬಾಗೇಶ್ವರದ ಜಾತ್ರೆಯಲ್ಲಿ ಕೂಡಿ, ಬೇಗಾರಿಯವರ ಹೆಸರು ಬರೆದಿಡುವ ದಫ್ತರಗಳನ್ನು ಸರಯೂ ನದಿಗೆ ಎಸೆದರು. ಸ್ವರಾಜ್ಯದ ಹೋರಾಟವೆಂದರೆ ಧ್ವಜವನ್ನು ಬದಲಿಸುವುದಷ್ಟೇ ಆಗಿರಲಿಲ್ಲ. ಒಬ್ಬನ ಗಂಟನ್ನು ಇನ್ನೊಬ್ಬನು ಹೆದರಿಕೆಯಿಂದ ಹೊರಬಾರದೆಂಬುದೂ ಅದರಲ್ಲಿ ಸೇರಿತ್ತು. ಆದುದರಿಂದಲೇ 1950ರಲ್ಲಿ ಜಾರಿಗೆ ಬಂದ ಸಂವಿಧಾನದ 23ನೆಯ ಅನುಚ್ಛೇದವು ಬೇಗಾರಿಯನ್ನು ಸ್ಪಷ್ಟ ಶಬ್ದಗಳಲ್ಲಿ ನಿಷೇಧಿಸಿತು.

ಹಣ ಕೊಟ್ಟ ಮೇಲೆ ಬೇಗಾರಿ ಹೇಗಾಯಿತೆಂದು ಕೆಲವರು ಕೇಳಬಹುದು. ಇದಕ್ಕೆ ಸರ್ವೋಚ್ಚ ನ್ಯಾಯಾಲಯವು 1982ರಲ್ಲಿ ಉತ್ತರ ಕೊಟ್ಟಿದೆ. ದಿಲ್ಲಿಯ ಏಷ್ಯಾ ಕ್ರೀಡಾಕೂಟದ ಕಾಮಗಾರಿಯ ಕೂಲಿಕಾರರ ಪ್ರಕರಣದಲ್ಲಿ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ಮಾಡಿಸಿಕೊಂಡ ದುಡಿಮೆಯೂ 23ನೆಯ ಅನುಚ್ಛೇದದ ಅರ್ಥದಲ್ಲಿ ಬಲವಂತದ ದುಡಿಮೆಯೇ ಎಂದು ಅದು ನಿರ್ಣಯಿಸಿತು. ಹಸಿವಿನಿಂದ, ಬೇರೆ ಗತಿಯಿಲ್ಲದೆ ಒಪ್ಪಿಕೊಂಡವನ ಒಪ್ಪಿಗೆಯನ್ನು ಒಪ್ಪಿಗೆಯೆಂದು ನ್ಯಾಯಾಲಯವು ಎಣಿಸಲಿಲ್ಲ. ಆ ತೀರ್ಪು ಬಂದದ್ದು ಸರಕಾರದ ದೊಡ್ಡ ಕಾಮಗಾರಿಯ ಪ್ರಸಂಗದಲ್ಲಿ, ನಿಜ. ಆದರೆ ಅದರ ನೀತಿಯು ಮನೆಯ ಬಾಗಿಲಿಗೆ ಬಂದೊಡನೆ ನಿಂತುಹೋಗಬೇಕೆ?

ಹಮಾಲರೂ ದೋಷರಹಿತರೆಂದು ನಾವು ಹೇಳುವುದಿಲ್ಲ. ಅರ್ಧ ಸಾಮಾನು ಬೀದಿಯಲ್ಲಿರುವಾಗ ಕೆಲಸ ನಿಲ್ಲಿಸಿ ಹೆಚ್ಚು ಹಣ ಕೇಳುವವರಿದ್ದಾರೆ. ಮಾತಾದ ಮೇಲೆಯೂ ಚಹಾಪಾಣಿಯ ಹೆಸರಿನಿಂದ ಪೀಡಿಸುವವರಿದ್ದಾರೆ. ಕನ್ನಡಿ ಒಡೆದು ಸುಮ್ಮನೆ ಹೋಗುವವರಿದ್ದಾರೆ. ಇದರಿಂದ ಬೇಸತ್ತ ಗೃಹಸ್ಥನ ಸಂಕಟವೂ ನಮಗೆ ಗೊತ್ತಿದೆ. ಆದರೆ ಈ ಜಗಳಗಳ ಮೂಲವನ್ನು ಹುಡುಕಿದರೆ ಅಲ್ಲಿಯೂ ಮೊದಲೇ ಮುರಿಯದ ಲೆಕ್ಕವೇ ಸಿಕ್ಕುತ್ತದೆ. ಎಷ್ಟು ಅಂತಸ್ತು, ಎಷ್ಟು ಭಾರದ ಸಾಮಾನು, ಓಣಿಯೊಳಗೆ ವಾಹನ ಹೋಗುತ್ತದೆಯೋ ಇಲ್ಲವೋ, ಊಟ ಯಾರದು, ತಿರುಗಿ ಬರುವುದು ಹೇಗೆ ಎಂಬುದನ್ನು ಮುಂಚಿತವಾಗಿ ಮಾತಾಡಿದ್ದರೆ ನಡುಬೀದಿಯ ಜಗಳಕ್ಕೆ ಆಸ್ಪದವಿರುತ್ತಿರಲಿಲ್ಲ. ನಮ್ಮ ಊರುಗಳ ಕೃಷಿ ಮಾರುಕಟ್ಟೆಯ ಅಂಗಳವನ್ನು ನೋಡಿರಿ. ಅಲ್ಲಿ ಹಮಾಲನಿಗೆ ಪರವಾನಗಿಯಿದೆ, ಚೀಲಕ್ಕೆ ಇಷ್ಟೆಂದು ಗೊತ್ತುಪಡಿಸಿದ ದರವಿದೆ. ಅದೇ ಹಮಾಲನು ಮಾರುಕಟ್ಟೆಯ ಬಾಗಿಲು ದಾಟಿ ಮನೆಯ ಸಾಮಾನಿಗೆ ಬಂದೊಡನೆ ಅವನಿಗೆ ದರವೂ ಇಲ್ಲ, ದಾಖಲೆಯೂ ಇಲ್ಲ. ಹತ್ತಿಯ ಅಂಡಿಗೆಗೆ ಇರುವ ಕಾನೂನು ಕಪಾಟಿಗೆ ಇಲ್ಲ!

ಭಾರದ ಮಾತನ್ನೂ ಹೇಳಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿಯೇ ವಯಸ್ಕ ಪುರುಷನೊಬ್ಬನು ಹೊರುವ ಭಾರವು 55 ಕಿಲೋಗ್ರಾಮಿಗೆ ಮೀರದಿರಲಿ ಎಂದು ಶಿಫಾರಸು ಮಾಡಿತು. ಉಕ್ಕಿನ ಕಪಾಟನ್ನು ಒಬ್ಬನ ಬೆನ್ನಿಗೆ ಹಗ್ಗ ಬಿಗಿದು ಹೊರಿಸುವಾಗ ಈ ಮಿತಿ ಯಾರ ನೆನಪಿಗೂ ಬರುವುದಿಲ್ಲ. ನಾಲ್ವರ ಕೆಲಸವನ್ನು ಇಬ್ಬರಿಂದ ಮಾಡಿಸಿ ಉಳಿಸಿದ ಹಣವು ಆ ಇಬ್ಬರ ನಡ ಮುರಿದು ಉಳಿಸಿದ ಹಣವೇ ಸರಿ. ನಡ ಹಿಡಿದು ಮಲಗಿದವನ ಮನೆಯ ಒಲೆಯನ್ನು ಹೊತ್ತಿಸುವವರು ಯಾರು? ರಾಜ್ಯ ಸರಕಾರದ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ಹಮಾಲರ ವರ್ಗವೂ ಸೇರಿದೆ. ಹೆಸರು ನೋಂದಾಯಿಸಿದವನಿಗೇ ಅದರ ಪ್ರಯೋಜನ. ನೆರೆಯ ಮಹಾರಾಷ್ಟ್ರವು 1969ರಷ್ಟು ಹಿಂದೆಯೇ ಹಮಾಲರಿಗಾಗಿ ಪ್ರತ್ಯೇಕ ಕಾಯಿದೆ ಮಾಡಿ, ಮಂಡಳಿಗಳ ಮೂಲಕ ಅವರ ಕೂಲಿಗೂ ಕ್ಷೇಮಕ್ಕೂ ವ್ಯವಸ್ಥೆ ಕಲ್ಪಿಸಿದೆ. ಗಡಿಯ ಜಿಲ್ಲೆಯವರಾದ ನಾವು ಒಳ್ಳೆಯ ಸಂಗತಿಯನ್ನು ನೆರೆಯವರಿಂದ ಕಲಿಯಲು ಸಂಕೋಚಪಡಬೇಕಾದುದಿಲ್ಲ.

ಸಾಮಾನಿನ ನಷ್ಟದ ವಿಷಯದಲ್ಲಿ ಗೃಹಸ್ಥರಿಗೆ ಒಂದು ಉಪಯುಕ್ತ ಮಾತು. 2007ರ ರಸ್ತೆ ಸಾಗಾಣಿಕೆಯ ಕಾಯಿದೆಯಂತೆ ಬಾಡಿಗೆಗೆ ಸರಕು ಸಾಗಿಸುವವನು ರಸೀದಿ ಕೊಡಬೇಕು. ಸಾಮಾನಿನ ಬೆಲೆಯನ್ನು ಹೆಚ್ಚಾಗಿ ಬರೆಯಿಸದಿದ್ದರೆ ಅವನ ಹೊಣೆಯು ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ನಷ್ಟವಾದರೆ ದಾವೆಗೆ ಮುನ್ನ 180 ದಿನಗಳೊಳಗೆ ಲಿಖಿತ ಸೂಚನೆ ಕೊಡಬೇಕು. ಬೆಳಗಾವಿ, ಹುಬ್ಬಳ್ಳಿಗಳಿಂದ ಬರುವ ಪ್ಯಾಕರ್ಸ್ ಕಂಪನಿಗಳ ಕಾಗದವನ್ನು ಸಹಿ ಹಾಕುವ ಮುನ್ನ ಓದಿರಿ. ಊರಿನ ಟೆಂಪೊದವನಾದರೆ ಒಂದು ಹಾಳೆಯ ಮೇಲೆ ಬರೆಯಿಸಿಕೊಳ್ಳಿರಿ. ಬರೆಯದ ಮಾತಿಗೆ ಸಾಕ್ಷಿಯಿಲ್ಲ. ಇನ್ನೊಂದು ಎಚ್ಚರಿಕೆ: ಸರಕಿನ ವಾಹನದ ವಿಮೆಯಲ್ಲಿ ಸರಕಿನ ಮಾಲಿಕನಿಗೆ ಅಥವಾ ಅವನ ಪ್ರತಿನಿಧಿಗೆ ರಕ್ಷಣೆಯಿದೆ. ಹೆಂಡತಿ ಮಕ್ಕಳು, ನೆಂಟರಿಷ್ಟರೆಲ್ಲರನ್ನೂ ಗಾದಿಯ ಮೇಲೆ ಕೂರಿಸಿಕೊಂಡು ಹೋಗುವುದಕ್ಕೆ ಅದು ಒದಗುವುದಿಲ್ಲ. ಬಸ್ಸಿನ ನಾಲ್ಕು ಟಿಕೀಟು ಉಳಿಸಲು ಹೋಗಿ ಜೀವವನ್ನು ಪಣಕ್ಕಿಡಬಾರದು.

ಮನೆಯನ್ನು ಸಂತೋಷದಿಂದ ಬದಲಿಸುವವರ ಮಾತು ಇದಾಯಿತು. ನಿರುಪಾಯದಿಂದ ಮನೆ ಬಿಡುವವರ ಮಾತೇ ಬೇರೆ. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರಿನಿಂದ ಮಲಪ್ರಭೆಯು ಉಕ್ಕಿ ರಾಮದುರ್ಗದ ತಗ್ಗಿನ ಓಣಿಗಳಿಗೂ ದಂಡೆಯ ಹಳ್ಳಿಗಳಿಗೂ ನುಗ್ಗಿದಾಗ, ಮಗ್ಗವನ್ನು ಬಿಡಲೋ ಧಾನ್ಯವನ್ನು ಬಿಡಲೋ ಎಂದು ಯೋಚಿಸುವಷ್ಟು ಹೊತ್ತೂ ಜನರಿಗಿರಲಿಲ್ಲ. ಅಂಥ ಹೊತ್ತಿನಲ್ಲಿ ಚೌಕಾಸಿಯ ಶಕ್ತಿಯೆಲ್ಲ ವಾಹನವುಳ್ಳವನ ಕೈಯಲ್ಲಿಯೇ ಇರುತ್ತದೆ. 2005ರ ವಿಪತ್ತು ನಿರ್ವಹಣಾ ಕಾಯಿದೆಯು ವಾಹನಗಳನ್ನು ವಶಕ್ಕೆ ಪಡೆದು ಅವುಗಳಿಗೆ ತಕ್ಕ ಪರಿಹಾರ ಕೊಡುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿದೆ. ಮಳೆಗಾಲಕ್ಕೆ ಮುಂಚಿತವಾಗಿಯೇ ತಾಲೂಕು ಆಡಳಿತವು ಟ್ರ್ಯಾಕ್ಟರುಗಳ ಪಟ್ಟಿ ಮಾಡಿ, ದರವನ್ನು ಗೊತ್ತುಮಾಡಿ, ಹಣವನ್ನು ತಾನೇ ಕೊಡುವ ವ್ಯವಸ್ಥೆಯನ್ನಿಟ್ಟುಕೊಂಡರೆ ಪ್ರವಾಹದ ರಾತ್ರಿ ಬಡವನು ಬಾಡಿಗೆಯನ್ನು ಕೇಳಬೇಕಾಗುವುದಿಲ್ಲ.

ನಮ್ಮ ಸೂಚನೆಗಳು ಇಷ್ಟೇ. ಮೊದಲನೆಯದಾಗಿ, ನಾಲ್ಕೂ ಊರುಗಳ ಸ್ಥಳೀಯ ಸಂಸ್ಥೆಗಳು ಹಮಾಲರನ್ನೂ ವಾಹನದವರನ್ನೂ ಕೂಡಿಸಿ, ಅಂತಸ್ತಿಗೂ ದೂರಕ್ಕೂ ತಕ್ಕಂತೆ ದರದ ಹಲಗೆಯೊಂದನ್ನು ಬಸ್ ನಿಲ್ದಾಣದ ಬಳಿ ತೂಗಹಾಕಬೇಕು. ಎರಡನೆಯದಾಗಿ, ಕಾರ್ಮಿಕ ಇಲಾಖೆಯವರು ಹಮಾಲರು ಕಚೇರಿಗೆ ಬರಲೆಂದು ಕಾಯದೆ ತಾವೇ ಹಮಾಲರ ಕಟ್ಟೆಗೆ ಹೋಗಿ ಹೆಸರುಗಳನ್ನು ನೋಂದಾಯಿಸಿಕೊಳ್ಳಬೇಕು. ಮೂರನೆಯದಾಗಿ, ಅಧಿಕಾರಿಗಳು ತಮ್ಮ ಕಚೇರಿಯ ಕೈಕೆಳಗಿನವರಿಂದ ಸಾಮಾನು ಹೊರಿಸಬಾರದು. ಭತ್ಯೆಯ ಬಿಲ್ಲಿನೊಡನೆ ಹಮಾಲರಿಗೆ ಕೊಟ್ಟ ಕೂಲಿಯ ಪಾವತಿಯನ್ನೂ ಇಡುವ ರೂಢಿ ಬೀಳಲಿ. ನಾಲ್ಕನೆಯದು ಗೃಹಸ್ಥರ ಕೈಯಲ್ಲಿಯೇ ಇದೆ: ವಾಹನದ ಬಾಡಿಗೆಯನ್ನು ವಾಹನದವನಿಗೆ, ಕೂಲಿಯನ್ನು ಹಮಾಲನ ಕೈಗೆ ಬೇರೆಬೇರೆಯಾಗಿ ಕೊಡಿರಿ.

ಇದರಿಂದ ವೆಚ್ಚ ಕೆಲವು ನೂರು ರೂಪಾಯಿ ಹೆಚ್ಚಾಗಬಹುದು. ಹೊಸ ಮನೆಯಲ್ಲಿ ಹಾಲುಕ್ಕಿಸಿ ಹತ್ತು ಜನರಿಗೆ ಊಟ ಹಾಕುವವರಿಗೆ ಅದು ದೊಡ್ಡ ಭಾರವಲ್ಲ. ನಮ್ಮ ಸಂಸಾರವನ್ನೆಲ್ಲ ಬೆನ್ನ ಮೇಲೆ ಹೊತ್ತು ತಂದವನು ತನ್ನ ಕೂಲಿಯನ್ನು ತಲೆ ಎತ್ತಿ ಎಣಿಸಿಕೊಂಡು ಹೋಗುವಂತಾಗಲಿ. ಗೃಹಪ್ರವೇಶಕ್ಕೆ ಅದಕ್ಕಿಂತ ಒಳ್ಳೆಯ ಮುಹೂರ್ತ ಬೇರೊಂದಿಲ್ಲ.