ಹರಿದ ಹಾಳೆಯ ಅಂಚು

ಹಳೆಯ ಪುಸ್ತಕದ ಹಾಳೆ ಹರಿದಾಗ ಓದುಗನ ಕೈಯನ್ನು ದೂರುವುದು ರೂಢಿ. ಹರಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿದರೆ, ದೋಷ ಕೈಯದೋ ಕಾಗದದ್ದೋ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಕಾಗದವೆಂದರೆ ಸಸ್ಯಜನ್ಯ ನಾರುಗಳ ಹಾಸು. ಮರದ ನಾರು ಸಾಮಾನ್ಯವಾಗಿ 1ರಿಂದ 3 ಮಿಲಿಮೀಟರ್ ಉದ್ದವಿರುತ್ತದೆ. ಬಟ್ಟೆಯ ನೂಲಿನಂತೆ ಅದನ್ನು ನೇಯ್ದಿರುವುದಿಲ್ಲ. ನೀರು ಆರಿದಂತೆ, ನಾರುಗಳು ಒಂದನ್ನೊಂದು ತಾಗಿದೆಡೆಗಳಲ್ಲಿ ಹೈಡ್ರೋಜನ್ ಬಂಧಗಳಿಂದ ಕೂಡಿಕೊಳ್ಳುತ್ತವೆ. ಈ ಬಂಧಗಳು ನೀರಿನಲ್ಲಿ ಸಡಿಲವಾಗುವುದರಿಂದಲೇ ಒದ್ದೆಯಾದ ಕಾಗದ ಬೇಗ ಹರಿಯುತ್ತದೆ.

ಗಟ್ಟಿ ಕಾಗದ ಹರಿಯುವಾಗ ಅನೇಕ ನಾರುಗಳು ತುಂಡಾಗದೆ, ಬಂಧ ಬಿಡಿಸಿಕೊಂಡು ಹಾಳೆಯೊಳಗಿಂದ ಹೊರಬರುತ್ತವೆ. ಅಂಚಿನಲ್ಲಿ ನವಿರಾದ ಎಳೆಗಳು ಕಾಣುತ್ತವೆ. ಜೀರ್ಣ ಕಾಗದದಲ್ಲಿ ನಾರುಗಳೇ ಮುರಿಯುತ್ತವೆ. ಹಾಳೆ ಹಪ್ಪಳದಂತೆ ತುಂಡಾಗಿ, ಎಳೆಯಿಲ್ಲದ ಅಂಚು ಉಳಿಯುತ್ತದೆ. ಶಾಯಿ ಹರಡದಿರಲೆಂದು 19ನೆಯ ಶತಮಾನದಿಂದ ಕಾಗದಕ್ಕೆ ರಾಳದೊಡನೆ ಪಟಿಕ ಬೆರೆಸುವುದು ವ್ಯಾಪಕವಾಯಿತು. ಅದರಿಂದುಂಟಾದ ಆಮ್ಲವು ನಾರಿನೊಳಗಿನ ಸೆಲ್ಯುಲೋಸ್ ಸರಪಳಿಗಳನ್ನು ಕಡಿಯುತ್ತದೆ; ಸೆಕೆಯೂ ತೇವವೂ ಆ ಕಾರ್ಯವನ್ನು ತೀವ್ರಗೊಳಿಸುತ್ತವೆ. ಹತ್ತಿಯ ಚಿಂದಿಯಿಂದ ಕೈಯಲ್ಲಿ ತಯಾರಿಸಿದ ಹಳೆಯ ಕಾಗದ ಇಂದಿಗೂ ಬಾಗಬಹುದು; ಅದಕ್ಕಿಂತ ಎಷ್ಟೋ ಈಚಿನ ಅಗ್ಗದ ಕಾಗದ ಮುರಿಯಬಹುದು.

ಗಡಿಯಾಚೆಯ ಕನ್ನಡ ವಿಭಾಗಗಳಿಗೆ ಈ ಭೇದ ಬಹು ಮುಖ್ಯವಾದುದು. ಅಗ್ಗದ ಕಾಗದದ ಮೇಲೆ ಕೆಲವೇ ಪ್ರತಿಗಳಾಗಿ ಅಚ್ಚಾದ ತತ್ವಪದ, ಶರಣಚರಿತ್ರೆ, ಬಯಲಾಟದ ಪುಸ್ತಕಗಳಿಗೆ ಮರುಮುದ್ರಣದ ಭಾಗ್ಯ ಒದಗುವುದು ವಿರಳ. ಕನ್ನಡ ಓದಲಾರದ ಗ್ರಂಥಪಾಲಕರಿಗೆ ಅವೆಲ್ಲ ಒಂದೇ ತೆರನಾದ ಜೀರ್ಣ ಪುಸ್ತಕಗಳು. ರದ್ದಿಗೆ ಹೋಗುವ ಗಂಟಿನಲ್ಲಿ ಯಾವುದು ಅಪರೂಪದ್ದೆಂದು ಹೇಳಬಲ್ಲವರು ಕನ್ನಡ ಐಚ್ಛಿಕ ವಿದ್ಯಾರ್ಥಿಗಳೇ. ಆ ಹೊಣೆಯನ್ನು ಅವರು ಬೇರೆಯವರಿಗೆ ವಹಿಸಲಾಗದು.

ಕೆಲಸದ ಕ್ರಮವನ್ನು ಹರಿದ ಅಂಚೇ ಸೂಚಿಸುತ್ತದೆ. ಎಳೆ ಉಳಿದಿರುವ ಹಾಳೆಯನ್ನು ತೆಳುವಾದ ಜಪಾನಿ ಕಾಗದ ಮತ್ತು ಗಂಜಿಯ ಸರಿಯಿಂದ ಬಲ್ಲವರು ಜೋಡಿಸಬಹುದು. ಅದು ಕೆಲಕಾಲ ಕಾಯಬಲ್ಲದು. ಹಪ್ಪಳದಂತೆ ಮುರಿದುದು ಕಾಯಲಾರದು. ಅದರ ಛಾಯಾಚಿತ್ರ ಮೊದಲು ಆಗಬೇಕು. ಟೇಪು ಹಚ್ಚುವುದಂತೂ ಎರಡಕ್ಕೂ ಸಲ್ಲದು. ಅದರ ಅಂಟು ಕಾಗದಕ್ಕಿಳಿದು ಕಂದುಗಟ್ಟುತ್ತದೆ. ಜೀರ್ಣ ಹಾಳೆ ಟೇಪಿನ ಅಂಚಿನಲ್ಲಿಯೇ ಮತ್ತೆ ಮುರಿಯುತ್ತದೆ.

ಇಂಥ ಪುಸ್ತಕಗಳು ಎಲ್ಲಿಯಾದರೂ ಇದ್ದೇ ಇರುತ್ತವೆ ಎಂಬ ನಂಬಿಕೆ ಅಪಾಯಕರ. ಬೇರೆಡೆ ಪ್ರತಿಯಿದೆಯೆಂದು ಖಚಿತವಾಗುವವರೆಗೆ, ಕೈಯಲ್ಲಿರುವುದೇ ಕೊನೆಯ ಪ್ರತಿಯೆಂದು ಭಾವಿಸಿ ನಡೆಯುವುದು ಲೇಸು.